ಇಪ್ಪತ್ತು ಅಶ್ವಶಕ್ತಿ ಸಾಲದೆಂದವರು ಯಾರು?

"ತ್ರೀ ಫಿಫ್ಟಿನಾ? ಸಿಟಿಗೆ ಓಕೆ ಗುರು, ಲಾಂಗ್ ಹೋಗಕ್ಕೆ ಸಾಲಲ್ಲ." ಹೊಸದಾಗಿ ಕ್ರೂಸರ್ ಬೈಕು ಕೊಂಡವರಿಗೆ, ಕೊಳ್ಳಬೇಕೆಂದು ಹಣ ಕೂಡಿಡುತ್ತಿರುವವರಿಗೆ ಈ ಮಾತು ತಪ್ಪಿದ್ದಲ್ಲ. ಶೋರೂಮಿನಲ್ಲಿ ಕೇಳಿಸುತ್ತದೆ, ಬೈಕ್ ವಿಮರ್ಶೆಯ ವಿಡಿಯೋಗಳಲ್ಲಿ ಕೇಳಿಸುತ್ತದೆ. ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯ ಹೋಟೆಲುಗಳ ಮುಂದೆ ಹೆಲ್ಮೆಟ್ ಕಳಚಿಟ್ಟು ಕೂತ ಗುಂಪುಗಳಲ್ಲಂತೂ ಕಾಫಿ ಬರುವುದರೊಳಗೆ ಕೇಳಿಸುತ್ತದೆ. ಇಪ್ಪತ್ತು ಅಶ್ವಶಕ್ತಿಯ ಎಂಜಿನ್ನು ಹೆದ್ದಾರಿಗೆ ಸಾಲದು, ನೂರು ದಾಟಿದರೆ ಅದಕ್ಕೆ ಉಸಿರು ಕಟ್ಟುತ್ತದೆ, ದೂರ ಹೋಗುವ ಆಸೆಯಿದ್ದರೆ ಕಡೇಪಕ್ಷ 650 ಸಿಸಿಯದ್ದು ಬೇಕು. ಇದನ್ನು ಯಾರೂ ವಾದವಾಗಿ ಮಂಡಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿ ಮುಂದಕ್ಕೆ ಹೋಗುತ್ತಾರೆ. ವರ್ಷಗಳಿಂದ 350ರ ಕ್ರೂಸರಿನಲ್ಲೇ ಊರೂರು ಸುತ್ತಿರುವ ನಾನು ಇದನ್ನು ಒಪ್ಪುವುದಿಲ್ಲ. ಈ ನಂಬಿಕೆ ಜನರ ಜೇಬಿಗೂ ಜೀವಕ್ಕೂ ಮುಟ್ಟುತ್ತಿದೆ. ಹಾಗಾಗಿ ಸುಮ್ಮನಿರಲೂ ಮನಸ್ಸಾಗುತ್ತಿಲ್ಲ.

ಲೆಕ್ಕದಿಂದಲೇ ಶುರು ಮಾಡೋಣ. ಹೆದ್ದಾರಿಯಲ್ಲಿ ಬೈಕಿನ ಎಂಜಿನ್ನು ಸೆಣಸುವುದು ಮುಖ್ಯವಾಗಿ ಗಾಳಿಯ ಜತೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ನೆಟ್ಟಗೆ ಕೂತ ಒಬ್ಬ ಸವಾರ ಮತ್ತು ಎರಡು ಬ್ಯಾಗು ಹೊತ್ತ ಕ್ರೂಸರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರಿನಲ್ಲಿ ಸಾಗಲು ಚಕ್ರಕ್ಕೆ ತಲುಪಬೇಕಾದದ್ದು ಸುಮಾರು 8 ಅಶ್ವಶಕ್ತಿ. ರಾಯಲ್ ಎನ್‌ಫೀಲ್ಡ್ ಮೀಟಿಯರ್‌ನ 349 ಸಿಸಿ ಎಂಜಿನ್ನು ಕೊಡುವುದು 20.2. ಗೇರು, ಚೈನುಗಳಲ್ಲಿ ಒಂದಿಷ್ಟು ಸೋರಿಹೋದರೂ ಅರ್ಧದಷ್ಟು ಶಕ್ತಿ ಮುಟ್ಟದೆ ಉಳಿದಿರುತ್ತದೆ. ಅದೇ ಗಾಡಿ 120ಕ್ಕೆ ಏರಬೇಕೆಂದರೆ ಗಾಳಿಗೆ ತೆರಬೇಕಾದ ಶಕ್ತಿ ಮೂರು ಪಟ್ಟು ದಾಟುತ್ತದೆ, ಒಟ್ಟು ಬೇಡಿಕೆ 20ನ್ನು ಮೀರುತ್ತದೆ. ಆಗ 350 ಸಾಲದು, ನಿಜ. ಆದರೆ ದೂರಕ್ಕೆ ಸಾಲದು ಎನ್ನುವವರು ಇಷ್ಟು ದಿನ ಹೇಳುತ್ತಿದ್ದದ್ದು ವೇಗಕ್ಕೆ ಸಾಲದು ಎಂದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವ ನಾನೂರು ಚಿಲ್ಲರೆ ಕಿಲೋಮೀಟರು 80ರಲ್ಲಿ ಹೋದರೂ ಅಷ್ಟೇ ದೂರ, 120ರಲ್ಲಿ ಹೋದರೂ ಅಷ್ಟೇ ದೂರ.

ಇನ್ನು ಆ 120 ಎಲ್ಲಿಂದ ಬಂತು? ಕಾನೂನಿನಿಂದಂತೂ ಬಂದಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮೋಟಾರ್ ಸೈಕಲ್ಲಿನ ಗರಿಷ್ಠ ವೇಗ ಎಕ್ಸ್‌ಪ್ರೆಸ್‌ವೇಯಲ್ಲಿ 80, ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲೂ 80, ಉಳಿದ ರಸ್ತೆಗಳಲ್ಲಿ 60. ಎಕ್ಸ್‌ಪ್ರೆಸ್‌ವೇಯಲ್ಲಿ 120 ಇರುವುದು ಕಾರುಗಳಿಗೆ. ಈ ಅಂಕಿಯನ್ನು ಓದಿ ಹೇಳಿದ ಬೈಕ್ ವಿಮರ್ಶೆಯೊಂದನ್ನೂ ನಾನು ಕಂಡಿಲ್ಲ. ಗಾಡಿ ನೂರರ ಮೇಲೆ ಹೇಗೆ ನಡೆದುಕೊಳ್ಳುತ್ತದೆ, ನೂರಿಪ್ಪತ್ತರಲ್ಲಿ ಹ್ಯಾಂಡಲ್ ಎಷ್ಟು ನಡುಗುತ್ತದೆ ಎಂದು ನಿಮಿಷಗಟ್ಟಲೆ ವಿವರಿಸುವವರು, ಆ ವೇಗದಲ್ಲಿ ಈ ದೇಶದ ಯಾವ ರಸ್ತೆಯಲ್ಲೂ ಬೈಕು ಓಡಿಸುವಂತಿಲ್ಲ ಎಂಬ ಒಂದು ವಾಕ್ಯಕ್ಕೆ ಜಾಗ ಕೊಡುವುದಿಲ್ಲ. ವಿಮರ್ಶಕರ ಕೈಗೆ ಗಾಡಿ ಸಿಗುವುದು ಕೆಲವು ದಿನದ ಮಟ್ಟಿಗೆ. ಅವರು ಓಡಿಸುವುದು ಸಾಮಾನ್ಯವಾಗಿ ಬೆಳಗಿನ ಖಾಲಿ ರಸ್ತೆಯಲ್ಲಿ, ಬೆನ್ನ ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ. ಅಲ್ಲಿ ವೇಗವೊಂದೇ ಅಳೆಯಲು ಸುಲಭವಾದ ಸಂಗತಿ. ಅಂಥ ಅಳತೆಯನ್ನು ವರ್ಷಾನುಗಟ್ಟಲೆ ಗಾಡಿಯೊಡನೆ ಬಾಳುವವರ ಮೇಲೆ ಹೇರುವುದು ಅನ್ಯಾಯ.

ಮೈಸೂರು ರಸ್ತೆಯ ಕತೆ ಇನ್ನೂ ಸ್ಪಷ್ಟ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಆಟೋ, ಟ್ರ್ಯಾಕ್ಟರುಗಳ ಜತೆ ನಾವೆಲ್ಲ ಸರ್ವೀಸ್ ರಸ್ತೆಗೆ. ಅಲ್ಲಿ ನಾಲ್ಕು ಲಕ್ಷದ 650ಕ್ಕೂ ಅದರರ್ಧ ಬೆಲೆಯ 350ಕ್ಕೂ ಒಂದೇ ಗತಿ. ಮುಂದೆ ಕಬ್ಬಿನ ಗಾಡಿ, ಪಕ್ಕದಲ್ಲಿ ಶಾಲೆ ಬಿಟ್ಟ ಮಕ್ಕಳು, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಮೊಪೆಡ್ಡು. ಈ ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಇಂಥ ರಸ್ತೆಯಲ್ಲಿ 650ರ 47 ಅಶ್ವಶಕ್ತಿ ಎಲ್ಲಿ ಖರ್ಚಾಗಬೇಕು?

ಬೇರೆ ರಸ್ತೆಗಳನ್ನೂ ನೋಡಿ. ತುಮಕೂರು, ಹಾಸನ, ಮಂಡ್ಯದ ಒಳರಸ್ತೆಗಳಲ್ಲಿ ಸುಗ್ಗಿಯ ಕಾಲಕ್ಕೆ ರಾಗಿ, ಹುರುಳಿ ಹರಡಿ ವಾಹನಗಳ ಚಕ್ರದ ಕೆಳಗೇ ಒಕ್ಕಣೆ ಮಾಡುತ್ತಾರೆ. ಹುರುಳಿಯ ಸೊಪ್ಪಿನ ಮೇಲೆ ಬ್ರೇಕು ಹಿಡಿದರೆ ಟೈರಿಗೆ ನೆಲವೇ ಸಿಗುವುದಿಲ್ಲ. ಆಷಾಢದಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟವರಿಗೆ ಗಾಳಿಯಂತ್ರಗಳನ್ನು ಅಲ್ಲಿ ಯಾಕೆ ನೆಟ್ಟಿದ್ದಾರೆಂದು ಯಾರೂ ವಿವರಿಸಬೇಕಾಗಿಲ್ಲ. ಪಕ್ಕದಿಂದ ನುಗ್ಗುವ ಆ ಗಾಳಿ, ಲಾರಿಯ ಮರೆ ದಾಟಿದ ಕೂಡಲೇ ಗಾಡಿಯನ್ನು ಪಕ್ಕದ ಪಥಕ್ಕೆ ತಳ್ಳಿಬಿಡುತ್ತದೆ. ಎಪ್ಪತ್ತರಲ್ಲಿದ್ದರೆ ಸುಧಾರಿಸಿಕೊಳ್ಳಬಹುದು. ನೂರಹತ್ತರಲ್ಲಿದ್ದರೆ ಅದೃಷ್ಟ. ನಾಲ್ಕು ಪಥದ ಹೆದ್ದಾರಿಯಲ್ಲೂ ಹಳ್ಳಿಯ ಕ್ರಾಸುಗಳಿವೆ, ವಿಭಜಕ ಒಡೆದು ಮಾಡಿದ ದಾರಿಗಳಿವೆ, ಮೇಲ್ಸೇತುವೆಯ ಜಾಯಿಂಟುಗಳಿವೆ, ಎಮ್ಮೆಗಳಿವೆ. ವೇಗವನ್ನು ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಎಂಜಿನ್ನಿನ ಗಾತ್ರಕ್ಕೆ ಅಲ್ಲಿ ಮಾತಿಲ್ಲ.

ಕ್ರೂಸರೆಂಬ ಗಾಡಿಯ ಮೈಕಟ್ಟನ್ನೇ ನೋಡಿದರೂ ಅದು ಯಾವ ವೇಗಕ್ಕೆ ಹುಟ್ಟಿದ್ದೆಂದು ತಿಳಿಯುತ್ತದೆ. ಸೀಟು ತಗ್ಗು, ಕಾಲು ಮುಂದೆ, ಹ್ಯಾಂಡಲ್ ಎತ್ತರ, ಎದೆ ಪೂರ್ತಿ ಗಾಳಿಗೆ ತೆರೆದಿದೆ. 80ರಲ್ಲಿ ಎದೆಗೆ ತಾಗುವ ಗಾಳಿಯ ಒತ್ತಡ 120ರಲ್ಲಿ ಎರಡೂಕಾಲು ಪಟ್ಟಾಗುತ್ತದೆ. ಮುಂದೆ ಬಾಗಿ ತಪ್ಪಿಸಿಕೊಳ್ಳೋಣವೆಂದರೆ ಕಾಲುಗಳು ಮುಂದೆ ಇರುವುದರಿಂದ ಬಾಗಲು ಆಧಾರವಿಲ್ಲ. ಕೈಯಿಂದ ಹ್ಯಾಂಡಲ್ಲಿಗೆ ಜೋತುಬಿದ್ದೇ ಕೂರಬೇಕು. ಅರ್ಧ ಗಂಟೆಗೆ ಕತ್ತು ಸೋಲುತ್ತದೆ, ಭುಜ ಹಿಡಿದುಕೊಳ್ಳುತ್ತದೆ. ಗುಂಡಿ ಬಂದಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲಲೂ ಈ ಕೂರುವ ಭಂಗಿ ಬಿಡುವುದಿಲ್ಲ, ಏಟೆಲ್ಲ ನೇರ ಬೆನ್ನುಮೂಳೆಯ ಬುಡಕ್ಕೆ. ಇದು 350ರ ಕೊರತೆಯಲ್ಲ, 650ರ ಕ್ರೂಸರಿನಲ್ಲೂ ಭಂಗಿ ಇದೇ. 650 ಸಿಸಿಯ ಸೂಪರ್ ಮೀಟಿಯರ್‌ನಲ್ಲಿ ನೆಲದಿಂದ ಗಾಡಿಯ ಹೊಟ್ಟೆಗೆ ಇರುವ ಅಂತರ 135 ಮಿಲಿಮೀಟರ್, 350ರಲ್ಲಿ 170. ನಮ್ಮ ಹಳ್ಳಿಗಳ ಹಂಪುಗಳ ಮೇಲೆ ಆ ವ್ಯತ್ಯಾಸ ಕಿವಿಗೇ ಕೇಳಿಸುತ್ತದೆ. ಹೆಚ್ಚುವರಿ ಶಕ್ತಿ ಕೊಂಡವರು ಅದನ್ನು ಬಳಸಲು ಹೋದಾಗ ಮೊದಲು ಅಡ್ಡ ಬರುವುದು ಅವರದೇ ಗಾಡಿಯ ಆಕಾರ. ಎಪ್ಪತ್ತರಿಂದ ಎಂಬತ್ತೈದರ ನಡುವೆ ಮಾತ್ರ ಕ್ರೂಸರಿನಲ್ಲಿ ಎಲ್ಲವೂ ಹದಕ್ಕೆ ಬರುತ್ತದೆ. ಗಾಳಿ ಎದೆಯನ್ನು ಮೆಲ್ಲಗೆ ಒತ್ತಿ ಬೆನ್ನಿನ ಭಾರ ಇಳಿಸುತ್ತದೆ. ಸಿಲಿಂಡರಿನ ಅಗಲ 72 ಮಿಲಿಮೀಟರ್, ಪಿಸ್ಟನ್ನಿನ ಓಟ 85.8 ಇರುವ ಈ ಉದ್ದ ಓಟದ ಎಂಜಿನ್ನು ತನ್ನ ಅತಿ ಹೆಚ್ಚಿನ ಎಳೆತವನ್ನು, ಅಂದರೆ 27 ನ್ಯೂಟನ್ ಮೀಟರ್ ಟಾರ್ಕನ್ನು, ನಿಮಿಷಕ್ಕೆ 4000 ಸುತ್ತಿನಲ್ಲೇ ಕೊಟ್ಟುಬಿಡುತ್ತದೆ. ಅದನ್ನು ಕಟ್ಟಿದವರು ಯಾವ ವೇಗದ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಿಂದೆ ಕೂತವರನ್ನು ಯಾರೂ ಕೇಳುವುದೇ ಇಲ್ಲ. ಹೆಂಡತಿಯೋ ಗಂಡನೋ ತಂಗಿಯೋ ಗೆಳೆಯನೋ, ಅವರಿಗೆ ಮುಂದಿನ ರಸ್ತೆ ಪೂರ್ತಿ ಕಾಣುವುದಿಲ್ಲ. ಬ್ರೇಕು ಯಾವಾಗ ಬೀಳುತ್ತದೆಂದು ತಿಳಿಯುವುದಿಲ್ಲ, ಹಿಡಿದುಕೊಳ್ಳಲು ಹ್ಯಾಂಡಲ್ಲೂ ಇಲ್ಲ. ನೂರು ದಾಟಿದ ಮೇಲೆ ಮುಂದಿನವನ ಭುಜ ಬಳಸಿ ಬರುವ ಸುಳಿಗಾಳಿ ಅವರ ಹೆಲ್ಮೆಟನ್ನು ಎಡಕ್ಕೂ ಬಲಕ್ಕೂ ಹೊಡೆಯುತ್ತದೆ. ಎಪ್ಪತ್ತೈದರಲ್ಲಿ "ಅಲ್ನೋಡಿ, ಸೂರ್ಯಕಾಂತಿ ಹೊಲ" ಎಂದು ಹೇಳಿದರೆ ಮುಂದಿನವರಿಗೆ ಕೇಳಿಸುತ್ತದೆ. ಒಮ್ಮೆ ದೂರ ಬಂದವರು ಮತ್ತೊಮ್ಮೆ ಬರುತ್ತಾರೋ ಇಲ್ಲವೋ ಎಂಬುದು ಇಂಥದ್ದರ ಮೇಲೆ ನಿಂತಿದೆ.

ಎದುರಾಳಿಗಳ ವಾದಗಳಲ್ಲಿ ನಿಜವಾಗಿ ತೂಕವಿರುವುದು ಒಂದಕ್ಕೆ. ಓವರ್‌ಟೇಕ್ ಮಾಡುವಾಗ ಶಕ್ತಿ ಕೈಲಿರಬೇಕು ಎನ್ನುತ್ತಾರೆ. ಎರಡೇ ಪಥದ ರಸ್ತೆ, ಮುಂದೆ ಐವತ್ತರಲ್ಲಿ ಹೊಗೆ ಬಿಡುತ್ತ ಹೋಗುವ ಲಾರಿ, ಎದುರು ಸಿಗುವ ಖಾಲಿ ಜಾಗ ಕೆಲವೇ ಸೆಕೆಂಡಿನದ್ದು. ಅಲ್ಲಿ 650 ಬೇಗ ದಾಟುತ್ತದೆ, 350 ನಿಧಾನ. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗುವುದಿಲ್ಲ. 350ರ ಸವಾರ ಗೇರೊಂದು ಇಳಿಸಬೇಕು, ಹೆಚ್ಚು ಉದ್ದದ ಖಾಲಿ ಜಾಗಕ್ಕೆ ಕಾಯಬೇಕು, ಕೆಲವು ಸಲ ಮೂರ್ನಾಲ್ಕು ಕಿಲೋಮೀಟರು ಆ ಹೊಗೆಯ ಹಿಂದೆಯೇ ಹೋಗಬೇಕು. ಆದರೆ ಆ ಹೆಚ್ಚಿನ ಶಕ್ತಿ ಸುರಕ್ಷತೆಯಾಗಿ ಪರಿವರ್ತನೆಯಾಗಬೇಕಾದರೆ, 650ರ ಸವಾರನೂ 350ರವನು ಕಾಯುವಷ್ಟೇ ದೊಡ್ಡ ಅವಕಾಶಕ್ಕೆ ಕಾದು, ಆಮೇಲೆ ಬೇಗ ದಾಟಬೇಕು. ಹಾಗೆ ಮಾಡುವವರನ್ನು ರಸ್ತೆಯಲ್ಲಿ ನೋಡಿದ್ದೀರಾ? ಕೈಲಿ ಶಕ್ತಿಯಿದೆ ಎಂದು ಗೊತ್ತಾದ ಕೂಡಲೇ ಮನುಷ್ಯ ಚಿಕ್ಕ ಅವಕಾಶಕ್ಕೆ ನುಗ್ಗುತ್ತಾನೆ. 350ರವನು ಬೇಡವೆಂದು ಬಿಟ್ಟ ಜಾಗದಲ್ಲಿ 650 ತೂರುತ್ತದೆ, ಮತ್ತು ಎದುರಿನ ಕಾರಿಗೂ ಅವನಿಗೂ ನಡುವೆ ಉಳಿಯುವ ಅಂತರ ಇಬ್ಬರಲ್ಲೂ ಅಷ್ಟೇ ಆಗುತ್ತದೆ. ಅಗತ್ಯ ಬಿದ್ದಾಗ ಇರಲಿ ಎಂದು ಕೊಂಡ ಶಕ್ತಿ ಪ್ರತಿದಿನವೂ ಅಗತ್ಯವಾಗುವುದು ಹೀಗೆ. ನಾಲ್ಕು ಪಥದ ರಸ್ತೆಯಲ್ಲಂತೂ ಈ ವಾದಕ್ಕೆ ಬಲವೇ ಇಲ್ಲ. ಲಾರಿ, ಬಸ್ಸಿನಂಥ ಸಾರಿಗೆ ವಾಹನಗಳಿಗೆ 80ರ ಮಿತಿಯ ವೇಗ ನಿಯಂತ್ರಕ ಕಡ್ಡಾಯ. ತುಂಬಿದ ಲಾರಿಗಳು ಐವತ್ತು, ಅರವತ್ತರಲ್ಲೇ ಇರುತ್ತವೆ. ಎಂಬತ್ತರ ಬೈಕು ಅವುಗಳನ್ನು ಸಲೀಸಾಗಿ ದಾಟುತ್ತದೆ.

ದಾಟುವುದನ್ನು ಇಷ್ಟು ಲೆಕ್ಕ ಹಾಕುವವರು ನಿಲ್ಲುವುದನ್ನೂ ಲೆಕ್ಕ ಹಾಕಲಿ. ಎದುರು ಏನೋ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು, ಆಮೇಲೆ ಒಣ ಡಾಂಬರಿನ ಮೇಲೆ ಎಬಿಎಸ್ ಇರುವ ಗಾಡಿಯನ್ನು ಚೆನ್ನಾಗಿ ಹಿಡಿದು ನಿಲ್ಲಿಸಿದೆವೆಂದುಕೊಳ್ಳಿ. 80ರಿಂದ ನಿಲ್ಲಲು ಐವತ್ತೈದು ಮೀಟರಿನ ಆಸುಪಾಸು ಬೇಕು. 120ರಿಂದ ಅದು ಹೆಚ್ಚುಕಡಿಮೆ ಎರಡು ಪಟ್ಟು, ನೂರು ಮೀಟರು ದಾಟುತ್ತದೆ. 650ರ ಗಾಡಿ 241 ಕಿಲೋ ತೂಗುತ್ತದೆ, 350 ತೂಗುವುದು 191. ಆ ಭಾರವನ್ನೂ ಬ್ರೇಕೇ ಹಿಡಿಯಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ಒಟ್ಟು ಸಾವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚನ್ನು ಸಚಿವಾಲಯದ ವರದಿ ಅತಿವೇಗದ ಲೆಕ್ಕಕ್ಕೆ ಬರೆದಿದೆ. ಇದು ಗೊತ್ತಿದ್ದೂ ಇಪ್ಪತ್ತೆರಡರ ಹುಡುಗನಿಗೆ 'ನೂರರ ಮೇಲೆ ಹೋಗದ ಗಾಡಿ ಗಾಡಿಯೇ ಅಲ್ಲ' ಎಂದು ಕಲಿಸುವವರಿಗೆ ಹೊಣೆ ಇಲ್ಲವೇ?

ಹಳೆಯ ತಲೆಮಾರು ಎಷ್ಟು ಶಕ್ತಿಯಲ್ಲಿ ದೂರ ಹೋಗುತ್ತಿತ್ತು ಎಂಬುದನ್ನೂ ಮರೆತಿದ್ದೇವೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಗಾಡಿ ಕಟ್ಟಿತು. ಅಲ್ಲಿಂದ ಹೊರಬಿದ್ದ ಯೆಜ್ಡಿ ರೋಡ್‌ಕಿಂಗ್‌ಗೆ 250 ಸಿಸಿ, 16 ಅಶ್ವಶಕ್ತಿ. ಆಗಿನ ಬುಲೆಟ್ 350ಕ್ಕೆ 18. ಇವು ಕ್ರೂಸರುಗಳಲ್ಲ. ಆದರೆ ಗಂಡ, ಹೆಂಡತಿ, ಟ್ಯಾಂಕಿನ ಮೇಲೊಂದು ಮಗು, ಹಿಂದೆ ಕಟ್ಟಿದ ಹಾಸಿಗೆಯ ಸುರುಳಿ ಹೊತ್ತು ಇವೇ ಗಾಡಿಗಳು ಧರ್ಮಸ್ಥಳಕ್ಕೂ ಊಟಿಗೂ ಹೋಗಿಬಂದವು. ಆಗ ರಸ್ತೆ ಖಾಲಿಯಿತ್ತು ಎನ್ನುತ್ತಾರೆ. ರಸ್ತೆ ತುಂಬಿದೆ ಎಂದರೆ ನಿಧಾನ ಹೋಗಲು ಕಾರಣ ಹೆಚ್ಚಾಗಿದೆ ಎಂದಲ್ಲವೇ? ಆಗುಂಬೆ ಘಾಟಿಗೆ ಹದಿನಾಲ್ಕು ತಿರುವು. ಇಬ್ಬರು ಕೂತ 350 ಎರಡನೇ ಗೇರಿನಲ್ಲಿ ಗೊಣಗದೆ ಹತ್ತುತ್ತದೆ. ಅಲ್ಲಿ ಮೂವತ್ತಕ್ಕಿಂತ ಹೆಚ್ಚು ಹೋಗಲು 650ಕ್ಕೂ ಜಾಗವಿಲ್ಲ. ಲಡಾಖಿನ ಮಾತೆತ್ತುವವರಿಗೂ ಇದೇ ಉತ್ತರ. 5,359 ಮೀಟರು ಎತ್ತರದ ಖಾರ್ದುಂಗ್ ಲಾದಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ನೂರಕ್ಕೆ ನಲವತ್ತರಷ್ಟು ಕುಸಿಯುತ್ತದೆ. ಇಪ್ಪತ್ತು ಹನ್ನೆರಡಾಗುತ್ತದೆ. ಕಲ್ಲು, ಮಂಜಿನ ನೀರು ಹರಿಯುವ ಆ ರಸ್ತೆಗೆ ಹನ್ನೆರಡು ಸಾಕಾಗುತ್ತದೆ, ಸಾಕಾಗುತ್ತಲೇ ಬಂದಿದೆ.

ದೂರ ಪ್ರಯಾಣ ನಡೆಯುವುದು ವರ್ಷದಲ್ಲಿ ಕೆಲವು ವಾರ. ಉಳಿದ ದಿನವೆಲ್ಲ ಗಾಡಿಯೊಡನೆ ಬಾಳಬೇಕು, ಮತ್ತು ಈ ಬಾಳಿನ ಬಗ್ಗೆ '650 ಬೇಕು' ಎನ್ನುವವರು ಒಂದಕ್ಷರ ಹೇಳುವುದಿಲ್ಲ. ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನ ಮನೆ, ಗೇಟಿನೊಳಗೆ ಇಳಿಜಾರು, ಪಕ್ಕದಲ್ಲಿ ಮಾಲೀಕರ ಕಾರು. ಆಫೀಸಿಗೆ ಹೊರಡಲು ಬೆಳಿಗ್ಗೆ ಗಾಡಿಯನ್ನು ಹಿಂದಕ್ಕೆ ಎಳೆಯಬೇಕು. ಮೇಲೆ ಹೇಳಿದ 50 ಕಿಲೋ ವ್ಯತ್ಯಾಸವೆಂದರೆ ಒಂದು ಮೂಟೆ ಸಿಮೆಂಟು. ಅದನ್ನು ದಿನಾ ಹೊತ್ತು ತಿರುಗಿದ ಹಾಗೆ. ಕೆಸರಿನಲ್ಲಿ ಗಾಡಿ ಮಗುಚಿಕೊಂಡಾಗ ಒಬ್ಬರೇ ಎತ್ತಲಾಗುವುದೋ ಇಲ್ಲವೋ ಎಂಬ ಪ್ರಶ್ನೆ, ಸಕಲೇಶಪುರದ ಕಾಫಿ ತೋಟದ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ, ಬಹಳ ದೊಡ್ಡ ಪ್ರಶ್ನೆ. 350 ಲೀಟರಿಗೆ ಮೂವತ್ತು ದಾಟಿ ಕೊಡುತ್ತದೆ, 15 ಲೀಟರಿನ ಟ್ಯಾಂಕು ತುಂಬಿಸಿದರೆ ನಾನೂರೈವತ್ತು ಕಿಲೋಮೀಟರು ಬಂಕಿನ ಚಿಂತೆಯಿಲ್ಲ. ದಾರಿಯಲ್ಲಿ ಕೆಟ್ಟರೆ ಇಳಕಲ್ಲಿನಲ್ಲೋ ಕೊಟ್ಟೂರಿನಲ್ಲೋ ಅದರ ಹೊಟ್ಟೆ ಬಿಚ್ಚಿ ನೋಡಿದ ಮೆಕ್ಯಾನಿಕ್ ಒಬ್ಬ ಇದ್ದೇ ಇರುತ್ತಾನೆ. ಒಂದೇ ಸಿಲಿಂಡರು, ಕೈ ಎಲ್ಲಿಗೂ ತಲುಪುತ್ತದೆ. ಮತ್ತೊಂದು ಸಿಲಿಂಡರು ಸೇರಿದ ಕೂಡಲೇ ಅವನು ಎರಡು ಹೆಜ್ಜೆ ಹಿಂದೆ ಸರಿದು, "ಸಾರ್, ಇದನ್ನ ಸಿಟಿಗೇ ತಗೊಂಡೋಗಿ" ಎನ್ನುತ್ತಾನೆ. ಮನೆಯಿಂದ ಐನೂರು ಕಿಲೋಮೀಟರು ದೂರದಲ್ಲಿ ಕೇಳಬಾರದ ಮಾತು ಅದು.

ಹಣದ ಅಂತರವನ್ನು ಸರ್ಕಾರವೇ ಇನ್ನಷ್ಟು ಹಿಗ್ಗಿಸಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮತ್ತು ಅದರೊಳಗಿನ ಬೈಕುಗಳಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಮೇಲಿನವಕ್ಕೆ 40ಕ್ಕೆ ಏರಿತು. ಎರಡರ ಬೆಲೆಯಲ್ಲಿ ಈಗ ಹೆಚ್ಚುಕಡಿಮೆ ಎರಡು ಪಟ್ಟಿನ ಅಂತರ. ಆ ಹಣ ಯಾರದ್ದು? ಬಹುಪಾಲು ಇಪ್ಪತ್ತೈದು, ಮೂವತ್ತರ ವಯಸ್ಸಿನ, ಮೊದಲ ಬಾಡಿಗೆ, ಮೊದಲ ಸಾಲ ಕಟ್ಟುತ್ತಿರುವವರದ್ದು. ಐದು ವರ್ಷದ ಇಎಂಐ ತಲೆಯ ಮೇಲಿದ್ದಾಗ ಹದಿನೈದು ದಿನ ರಜೆ ಹಾಕಿ ಸ್ಪಿತಿಗೆ ಹೋಗುವ ಧೈರ್ಯ ಯಾರಿಗಿರುತ್ತದೆ? ದೂರ ಹೋಗಲೆಂದೇ ದೊಡ್ಡ ಗಾಡಿ ಕೊಂಡು, ಕಂತು ಕಟ್ಟುವ ಭಯಕ್ಕೆ ನಂದಿಬೆಟ್ಟ ದಾಟದೆ ಉಳಿದವರು ನನ್ನ ಸುತ್ತ ಅನೇಕರಿದ್ದಾರೆ. ಅವರನ್ನು ಕಂಡಾಗ ಸಿಟ್ಟು ಬರುತ್ತದೆ, ಅವರ ಮೇಲಲ್ಲ, ಅವರಿಗೆ ಇದನ್ನು ಹೇಳಿಕೊಟ್ಟವರ ಮೇಲೆ. ಇದಕ್ಕಿಂತ ನೋವಿನದು, ಇರುವ ಗಾಡಿಯಲ್ಲಿ ಹೋಗಲಾಗದೆಂದು ನಂಬಿ ಹೊರಡದೇ ಇದ್ದವರ ಕತೆ. ತಂದೆಯ ಅವೆಂಜರ್ ಕ್ರೂಸರು ಮನೆಯ ಮುಂದೆ ನಿಂತಿದೆ, ಎತ್ತರ ಕಡಿಮೆಯಿರುವ ಮಗಳಿಗೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿನ ಸೀಟು ಅದರದ್ದು. ಆದರೂ 'ಅದರಲ್ಲಿ ಹಂಪಿಗಾ?' ಎಂದು ನಾಲ್ಕು ಜನ ಕೇಳಿದ ಮೇಲೆ ಅವಳು ಬಸ್ಸಿನ ಟಿಕೆಟ್ ಮಾಡುತ್ತಾಳೆ. ಆ ನಾಲ್ವರಲ್ಲಿ ಹಂಪಿಗೆ ಬೈಕಿನಲ್ಲಿ ಹೋದವರು ಒಬ್ಬರೂ ಇರಲಿಕ್ಕಿಲ್ಲ.

650 ಯಾರಿಗೂ ಬೇಡವೆಂಬುದು ನನ್ನ ವಾದವಲ್ಲ. ಆರಡಿ ಎತ್ತರ, ತೊಂಬತ್ತು ಕಿಲೋ ತೂಕದವರು, ಹಿಂದೆ ಅಷ್ಟೇ ದೊಡ್ಡವರನ್ನು ಕೂರಿಸಿಕೊಂಡು ವರ್ಷವಿಡೀ ತಿರುಗುವವರು ಅದನ್ನು ಕೊಳ್ಳಲಿ, ಅದರ ಎರಡು ಸಿಲಿಂಡರಿನ ನಯವಾದ ಓಟ ನನಗೂ ಇಷ್ಟ. ಇಷ್ಟವಾಯಿತು, ಕೊಂಡೆ ಎಂದು ಹೇಳಲಿ. ದೂರಕ್ಕೆ ಬೇಕೇ ಬೇಕಿತ್ತು ಎಂದು ಮಾತ್ರ ಹೇಳಬೇಡಿ. ಆ ಮಾತನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಚಿಕ್ಕವರಿದ್ದಾರೆ.

ಅವೆಂಜರ್ ಇರುವ ಆ ಹುಡುಗಿಗೆ, ಅವಳಂಥವರಿಗೆ: ಚೈನಿನ ಬಿಗಿ ನೋಡಿ ಎಣ್ಣೆ ಬಿಡಿ. ಹಿಂದಿನ ಟೈರಿಗೆ ಪುಸ್ತಕದಲ್ಲಿ ಬರೆದಷ್ಟೇ ಗಾಳಿ ಹಿಡಿಸಿ, ಬ್ಯಾಗು ಕಟ್ಟಿದರೆ ಹಿಂಬದಿ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಂತ ಬಿಗಿ ಮಾಡಿಸಿ. ಕ್ಲಚ್ ಕೇಬಲ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಬೆಳಗಿನ ಐದೂವರೆಗೆ ನೆಲಮಂಗಲ ದಾಟಿದರೆ ಲಾರಿಗಳ ಕಾಟ ಕಡಿಮೆ. ಎಡ ಪಥದಲ್ಲೇ ಎಪ್ಪತ್ತೈದರಲ್ಲಿರಿ, ಗಂಟೆಗೊಮ್ಮೆ ಇಳಿದು ಸೊಂಟ ನೆಟ್ಟಗೆ ಮಾಡಿ, ಚಿತ್ರದುರ್ಗದಲ್ಲಿ ತಿಂಡಿ. ಅಲ್ಲಿಂದ ಬಲಕ್ಕೆ ಹೊಸಪೇಟೆಯ ರಸ್ತೆ, ಮಧ್ಯಾಹ್ನದ ಊಟದ ಹೊತ್ತಿಗೆ ಹಂಪಿ.